ಬಳಿ, ಬೆಡಗು, ಡೂಡೆಮ್: ಕುಲಪ್ರಾಣಿಯ ಒಂದು ಚರಿತ್ರೆ

(ನ್ಯೂಮಾರ್ಕೆಟ್‌ನ ಕನ್ನಡ ಬಂಧುಗಳ ಮುಂದೆ ಮಾಡಿದ ಅತಿಥಿ ಉಪನ್ಯಾಸದ ಬರಹರೂಪ)



ಹಿಂದೊಮ್ಮೆ ನಾವು ಈ ಊರಿಗೆ ಬಂದಿದ್ದಾಗ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಗೆಳತಿಯರು ಒಂದು ಕೂಟಕ್ಕೆ ಹೋಗಿ, ಕಣ್ಣು ಮುಚ್ಚಿ ಡೋಲಿನ ಸದ್ದು ಕೇಳುತ್ತ ತಂತಮ್ಮ ‘ಟೋಟೆಮ್’ ಪ್ರಾಣಿಯನ್ನು ಕಂಡುಕೊಂಡು ಬಂದಿದ್ದರಂತೆ. ಒಬ್ಬಳಿಗೆ ತೋಳ, ಇನ್ನೊಬ್ಬಳಿಗೆ ಗಿಡುಗ. “ನಮ್ಮ ಕಡೆಯವರಿಗೂ ಅಂಥದ್ದು ಇದೆಯೇ?” ಎಂದು ಅವಳ ಪ್ರಶ್ನೆ. ತಂದೆ ನಕ್ಕರು, ತಾಯಿ ಪಾಯಸ ಬಡಿಸಿ ಮಾತು ಮರೆಸಿದರು. ನಾವು “ಇದೆ” ಎಂದೆವು. ಆದರೆ ಏನಿದೆ, ಎಂಥದಿದೆ ಎಂದು ಆಗ ನಮಗೆ ಬಿಡಿಸಿ ಹೇಳಲಾಗಲಿಲ್ಲ. ಆ ಹುಡುಗಿಗೆ ತಡವಾಗಿ ಕೊಡುತ್ತಿರುವ ಉತ್ತರವೇ ಇಂದಿನ ಈ ಮಾತುಗಳು.

ಮೊದಲು ಆ ಪದವನ್ನೇ ನೋಡೋಣ. ‘ಟೋಟೆಮ್’ ಎಂಬುದು ಯುರೋಪಿನ ಮಾತಲ್ಲ. ಅದು ನಾವು ಈಗ ಕುಳಿತಿರುವ ಈ ನೆಲದ ಮಾತು. ಈ ಊರಿನ ನಡುವೆ ಹರಿಯುವ ಹಾಲೆಂಡ್ ನದಿ ಉತ್ತರಕ್ಕೆ ಸಾಗಿ ಸಿಮ್ಕೋ ಸರೋವರವನ್ನು ಸೇರುತ್ತದೆ. ಆ ಸರೋವರದ ಜಾರ್ಜಿನಾ ದ್ವೀಪದಲ್ಲಿ ಚಿಪ್ಪೆವಾ ಜನರು ಇಂದಿಗೂ ವಾಸವಾಗಿದ್ದಾರೆ. ಚಿಪ್ಪೆವಾ, ಒಜಿಬ್ವೆ, ಮಿಸ್ಸಿಸಾಗ ಮೊದಲಾದವರೆಲ್ಲ ತಮ್ಮನ್ನು ‘ಅನಿಷಿನಾಬೆ’ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ‘ಡೂಡೆಮ್’ ಎಂದರೆ ಕುಲ. ‘ನಿನ್‌ಡೂಡೆಮ್’ ಎಂದರೆ ನನ್ನ ಕುಲ. ನ್ಯೂಮಾರ್ಕೆಟ್ ಊರನ್ನು ಕ್ವೇಕರ್ ಪಂಥದ ಕುಟುಂಬಗಳು ಬಂದು ಕಟ್ಟಿದ್ದು 1801ರಲ್ಲಿ. ಅದಕ್ಕೂ ಹತ್ತು ವರ್ಷ ಹಿಂದೆಯೇ, 1791ರಲ್ಲಿ, ಜಾನ್ ಲಾಂಗ್ ಎಂಬ ತುಪ್ಪಳ ವ್ಯಾಪಾರಿ ಲಂಡನ್ನಿನಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ ಈ ಪದವನ್ನು ‘ಟೋಟಮ್’ ಎಂದು ಬರೆದ. ಇಂಗ್ಲಿಷಿಗೆ ಈ ಮಾತು ಬಂದದ್ದು ಹಾಗೆ.

ಆದರೆ ಲಾಂಗ್ ಒಂದು ತಪ್ಪು ಮಾಡಿದ. ಕರಡಿಯನ್ನು ‘ಟೋಟಮ್’ ಎಂದು ನಂಬಿದ್ದ ಬೇಟೆಗಾರನೊಬ್ಬ ಅಕಸ್ಮಾತ್ತಾಗಿ ಕರಡಿಯನ್ನೇ ಕೊಂದು, ಇನ್ನು ತನಗೆ ಬೇಟೆ ದಕ್ಕದೆಂದು ಕಂಗೆಟ್ಟ ಕಥೆಯನ್ನು ಅವನು ಹೇಳುತ್ತಾನೆ. ಅನಿಷಿನಾಬೆ ಜನರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಹರೆಯಕ್ಕೆ ಬರುವಾಗ ಉಪವಾಸವಿದ್ದು, ಕನಸಿನಲ್ಲಿ ಕಂಡು ಪಡೆಯುವ ಕಾಪಾಡುವ ಶಕ್ತಿ ಒಂದು. ಅದು ವ್ಯಕ್ತಿಗೆ ಸೇರಿದ್ದು. ಹುಟ್ಟಿನಿಂದಲೇ ಬರುವ ಕುಲ ಇನ್ನೊಂದು, ಅದೇ ಡೂಡೆಮ್. ಲಾಂಗ್ ಇವೆರಡನ್ನೂ ಒಂದಾಗಿಸಿಬಿಟ್ಟ. ಕುಲದ ಹೆಸರನ್ನು ತೆಗೆದುಕೊಂಡು ಒಬ್ಬಂಟಿ ವ್ಯಕ್ತಿಯ ಕಾವಲು ಪ್ರಾಣಿಗೆ ಅಂಟಿಸಿದ. ಎರಡು ಶತಮಾನಗಳಿಗೂ ಹಿಂದಿನ ಈ ಎಡವಟ್ಟು ಇಂದಿಗೂ ಬದುಕಿದೆ ಎಂಬುದನ್ನು ಮುಂದೆ ನೋಡೋಣ.

ಹಾಗಾದರೆ ನಿಜವಾದ ಡೂಡೆಮ್ ಎಂಥದು? ಒಜಿಬ್ವೆ ರಕ್ತಸಂಬಂಧವಿದ್ದ ವಿಲಿಯಂ ವಾರೆನ್ 1852ರಲ್ಲಿ ಬರೆದು, ಆತನ ನಿಧನದ ಬಹುಕಾಲದ ಮೇಲೆ 1885ರಲ್ಲಿ ಅಚ್ಚಾದ ಚರಿತ್ರೆಯೊಂದಿದೆ. ಅದರಲ್ಲಿ ಒಂದು ಐತಿಹ್ಯ ಬರುತ್ತದೆ. ಮಹಾಸಾಗರದಿಂದ ಆರು ದಿವ್ಯಜೀವಿಗಳು ಎದ್ದು ಬಂದವಂತೆ. ಅವುಗಳಲ್ಲಿ ಒಂದರ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಅದು ಆಸೆ ತಡೆಯದೆ ಬಟ್ಟೆ ಸರಿಸಿ ಒಬ್ಬ ಮನುಷ್ಯನನ್ನು ನೋಡಿತು. ಆ ನೋಟದ ಉರಿಗೆ ಅವನು ಸತ್ತುಹೋದ. ಉಳಿದ ಐದೂ ಅದನ್ನು ಮರಳಿ ನೀರಿಗೆ ಕಳಿಸಿ ತಾವು ಜನರ ನಡುವೆ ನೆಲೆಸಿದವು. ಅವುಗಳಿಂದ ಐದು ಮೂಲ ಕುಲಗಳಾದವು: ದೊಡ್ಡ ಮೀನು, ಕ್ರೇನ್ ಕೊಕ್ಕರೆ, ಲೂನ್, ಕರಡಿ ಮತ್ತು ಮಾರ್ಟೆನ್ ಎಂಬ ಮರ ಹತ್ತುವ ಸಣ್ಣ ಪ್ರಾಣಿ. ಲೂನ್ ತಮಗೆಲ್ಲ ಪರಿಚಿತವೇ. 1987ರಿಂದ ಕೆನಡಾದ ಒಂದು ಡಾಲರ್ ನಾಣ್ಯದ ಮೇಲಿರುವ ನೀರುಹಕ್ಕಿ ಅದೇ. ವಾರೆನ್ನನ ಕಾಲಕ್ಕೆ ಕುಲಗಳ ಸಂಖ್ಯೆ 21ಕ್ಕೆ ಬೆಳೆದಿತ್ತು.

ಈ ಕುಲ ತಂದೆಯಿಂದ ಮಕ್ಕಳಿಗೆ ಬರುತ್ತದೆ. ಒಂದೇ ಕುಲದವರು ಎಷ್ಟು ದೂರದವರಾದರೂ ಒಡಹುಟ್ಟಿದವರೇ. ಅವರಲ್ಲಿ ಮದುವೆ ಕೂಡದು. ಗುರುತಿಲ್ಲದ ಊರಿಗೆ ಹೋದ ಪಯಣಿಗನಿಗೆ ತನ್ನ ಕುಲದವರ ಮನೆಯಲ್ಲಿ ಊಟಕ್ಕೂ ಹಾಸಿಗೆಗೂ ಹಕ್ಕಿರುತ್ತದೆ. ಅಷ್ಟೇ ಅಲ್ಲ, ಕುಲಪ್ರಾಣಿಯ ಚಿತ್ರವೇ ಅವರ ರುಜು. 1701ರಲ್ಲಿ ಮಾಂಟ್ರಿಯಲ್ಲಿನಲ್ಲಿ ಫ್ರೆಂಚರಿಗೂ ಸುಮಾರು 40 ಮೂಲನಿವಾಸಿ ಜನಾಂಗಗಳಿಗೂ ಆದ ಮಹಾಶಾಂತಿ ಒಪ್ಪಂದದ ಕೆಳಗೆ ಹಕ್ಕಿ, ಮೀನು, ನಾಲ್ಕು ಕಾಲಿನ ಪ್ರಾಣಿಗಳ ಗೆರೆಚಿತ್ರಗಳು ಸಾಲಾಗಿವೆ. ಅವು ಅಲಂಕಾರವಲ್ಲ, ಇಡೀ ಕುಲದ ಪರವಾಗಿ ಕೊಟ್ಟ ಮಾತಿನ ಮುದ್ರೆ. ಟೊರಾಂಟೋ ವಿಶ್ವವಿದ್ಯಾಲಯದ ಚರಿತ್ರಕಾರ್ತಿ ಹೈಡಿ ಬೋಹಾಕರ್ 2020ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ರುಜುಗಳನ್ನು ಓದಿ, ಡೂಡೆಮ್ ಎಂಬುದು ಬರಿಯ ನಂಬಿಕೆಯಲ್ಲ, ಅದೊಂದು ರಾಜ್ಯವ್ಯವಸ್ಥೆ ಎಂದು ತೋರಿಸಿದ್ದಾರೆ.

ಆ ಮುದ್ರೆಗೆ ಈ ನೆಲದಲ್ಲಿ ಏನಾಯಿತು ಎಂಬುದನ್ನೂ ಹೇಳಬೇಕು. ಟೊರಾಂಟೋ ನಿಂತಿರುವ ಭೂಮಿಯನ್ನು 1787ರಲ್ಲಿ ಮಿಸ್ಸಿಸಾಗರಿಂದ ಕೊಂಡುದಾಗಿ ಬ್ರಿಟಿಷರು ಹೇಳಿದರು. ಕೆಲವು ವರ್ಷಗಳ ಮೇಲೆ ಕಾಗದಪತ್ರ ತೆಗೆದು ನೋಡಿದರೆ ಕ್ರಯಪತ್ರದಲ್ಲಿ ಭೂಮಿಯ ವಿವರವೇ ಇಲ್ಲ, ಪತ್ರ ಖಾಲಿ! ಮೂವರು ನಾಯಕರ ಕುಲಚಿಹ್ನೆಗಳನ್ನು ಬೇರೆ ಚೂರುಗಳ ಮೇಲೆ ಪಡೆದು ಆ ಖಾಲಿ ಪತ್ರಕ್ಕೆ ಅಂಟಿಸಲಾಗಿತ್ತು. 1805ರಲ್ಲಿ ಹೊಸ ಒಪ್ಪಂದವಾಯಿತು. ಆದರೂ ನ್ಯಾಯ ತೀರ್ಮಾನವಾಗಿ 145 ಮಿಲಿಯನ್ ಡಾಲರ್ ಪರಿಹಾರ ದೊರೆಯುವ ಹೊತ್ತಿಗೆ 2010 ಬಂದಿತ್ತು. ಕುಲಪ್ರಾಣಿಯನ್ನು ಅದರ ಜನರಿಂದ ಕತ್ತರಿಸಿ ಬೇರೆ ಕಾಗದಕ್ಕೆ ಅಂಟಿಸುವ ಕೆಲಸ ಹೊಸದೇನಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಡ.

ಇತ್ತ ಪದ ಮಾತ್ರ ದೇಶದೇಶ ಸುತ್ತಿತು. ಜೇಮ್ಸ್ ಫ್ರೇಸರ್ 1887ರಲ್ಲಿ ಅದರ ಮೇಲೆ ಪುಸ್ತಕ ಬರೆದು, 1910ರಲ್ಲಿ ಅದನ್ನು ನಾಲ್ಕು ಸಂಪುಟಗಳಿಗೆ ಬೆಳೆಸಿದ. 1913ರಲ್ಲಿ ಫ್ರಾಯ್ಡ್ ಅದನ್ನು ಮನೋವಿಜ್ಞಾನಕ್ಕೆ ಎಳೆದ. 1962ರಲ್ಲಿ ಲೆವಿ-ಸ್ಟ್ರಾಸ್, ಇವರೆಲ್ಲ ಹಲವು ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ ಎಂದು ಎಚ್ಚರಿಸಿದ. ಅಷ್ಟರಲ್ಲಿ ಪಂಡಿತರ ಕೈಯಿಂದ ಪದ ಜಾರಿ ಹೊಸ ಧಾರ್ಮಿಕ ಪಂಥಗಳ ಕೈಗೆ ಬರತೊಡಗಿತ್ತು.

ಕ್ರೈಸ್ತಮತಕ್ಕೆ ಮುಂಚಿನ ಯುರೋಪಿನ ಪ್ರಕೃತಿಪೂಜೆಯನ್ನು ಮರಳಿ ಕಟ್ಟುತ್ತೇವೆಂದು ಹೊರಟವರನ್ನು ನವಪೇಗನ್ನರು ಎನ್ನುತ್ತಾರೆ. ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ 1954ರಲ್ಲಿ ಬರೆದ ಪುಸ್ತಕದಿಂದ ಅವರಲ್ಲಿ ‘ವಿಕ್ಕಾ’ ಎಂಬ ಪಂಥ ಹೆಸರಾಯಿತು. ಟೊರಾಂಟೋದಲ್ಲಿ ಕೆನಡಾದ ವಿಕ್ಕಾ ಸಭೆ 1979ರಲ್ಲಿಯೇ ಸ್ಥಾಪನೆಯಾಯಿತು. ಮರುವರ್ಷ ಅಮೆರಿಕದ ಮಾನವಶಾಸ್ತ್ರಜ್ಞ ಮೈಕೇಲ್ ಹಾರ್ನರ್, ಡೋಲಿನ ಒಂದೇ ಸಮನಾದ ಬಡಿತಕ್ಕೆ ಕಣ್ಣು ಮುಚ್ಚಿ ಮಲಗಿ, ಮನಸ್ಸಿನಲ್ಲಿ ಭೂಮಿಯ ಕೆಳಗಿನ ಲೋಕಕ್ಕೆ ಇಳಿದು, ಅಲ್ಲಿ ಪದೇ ಪದೇ ಎದುರಾಗುವ ಪ್ರಾಣಿಯನ್ನು ತನ್ನ ಶಕ್ತಿಪ್ರಾಣಿಯಾಗಿ ಪಡೆಯುವ ವಿಧಾನವನ್ನು ಪುಸ್ತಕವಾಗಿಸಿದ. 1988ರಲ್ಲಿ ಪ್ರಾಣಿಚಿತ್ರಗಳ ಎಲೆಗಳ ಕಟ್ಟು ಮಾರುಕಟ್ಟೆಗೆ ಬಂತು. ಕಣಿ ಕೇಳುವಂತೆ ಎಲೆ ಎತ್ತಿ ಪ್ರಾಣಿಯ ಸಂದೇಶ ಓದಿಕೊಳ್ಳಬಹುದು. 1993ರಲ್ಲಿ ಟೆಡ್ ಆಂಡ್ರ್ಯೂಸ್ ಪ್ರಾಣಿಗಳ ಅರ್ಥಕೋಶವನ್ನೇ ಬರೆದ. ಆ ವಿದ್ಯಾರ್ಥಿನಿಯ ಗೆಳತಿಯರು ನಡೆದದ್ದು ಈ ದಾರಿಯಲ್ಲಿ.

ಇವರನ್ನು ಹಾಸ್ಯ ಮಾಡುವುದು ಸುಲಭ. ನಾವು ಮಾಡುವುದಿಲ್ಲ. ಕಾರು, ಕಛೇರಿ, ಹಿಮದ ನಡುವೆ ಬದುಕುವ ಮನುಷ್ಯನಿಗೆ ತನ್ನದಲ್ಲದ ಒಂದು ಜೀವದೊಡನೆ ನಂಟು ಬೇಕೆನ್ನಿಸಿದರೆ ಅದು ನಗುವ ವಿಷಯವಲ್ಲ. ಎಷ್ಟೋ ಮಂದಿ ತಮ್ಮ ಪ್ರಾಣಿಯನ್ನು ಕಂಡುಕೊಂಡ ಮೇಲೆ ಅದರ ಕಾಡಿನ ಉಳಿವಿಗಾಗಿ ದುಡಿಯುವುದೂ ಉಂಟು. ಆದರೆ ಇತಿಹಾಸದ ಲೆಕ್ಕವನ್ನೂ ಎದುರಿಗಿಡಬೇಕು. ಕೆನಡಾದ ಪಶ್ಚಿಮ ತೀರದವರು ಕುಲಚಿಹ್ನೆಯ ಕಂಬಗಳನ್ನು ನಿಲ್ಲಿಸುವಾಗ ನಡೆಸುತ್ತಿದ್ದ ಪೊಟ್‌ಲಾಚ್ ಎಂಬ ದಾನೋತ್ಸವವನ್ನು ಇಲ್ಲಿನ ಸರ್ಕಾರ 1885ರಿಂದ 1951ರವರೆಗೆ ಕಾನೂನಿನಿಂದ ನಿಷೇಧಿಸಿತ್ತು. ಯಾರದು ಆ ಆಚರಣೆಯೋ ಅವರು ಮಾಡಿದರೆ ಸೆರೆಮನೆ. ಮೂರು ನಾಲ್ಕು ದಶಕಗಳು ಕಳೆಯುವಷ್ಟರಲ್ಲಿ ಅದರ ಹೆಸರಿನ ಸರಕು ಉಳಿದವರಿಗೆ ಅಂಗಡಿಯಲ್ಲಿ ಲಭ್ಯ. 1993ರಲ್ಲಿ ಲಕೋಟಾ ಜನಾಂಗದವರು ತಮ್ಮ ಅಧ್ಯಾತ್ಮವನ್ನು ಮಾರಿಕೊಳ್ಳುವವರ ವಿರುದ್ಧ ಬಹಿರಂಗವಾಗಿ ಯುದ್ಧವನ್ನೇ ಸಾರಿದ್ದು ಈ ಹಿನ್ನೆಲೆಯಲ್ಲಿ.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಡೂಡೆಮ್ ಎಂಬುದಕ್ಕೆ ತೀರ ಹತ್ತಿರದ ಎರಡು ಪದಗಳಿವೆ: ಬಳಿ ಮತ್ತು ಬೆಡಗು. ಇಂದು ನಮಗೆ ‘ಬಳಿ’ ಎಂದರೆ ಹತ್ತಿರ. ಹಳೆಯ ಕನ್ನಡದಲ್ಲಿ ದಾರಿ, ವಂಶ ಎಂಬ ಅರ್ಥಗಳೂ ಇದ್ದವು. ‘ಬೆಡಗು’ ಎಂದರೆ ಸೊಬಗು, ಒಗಟು ಎಂದು ಓದಿದವರು ಬಲ್ಲರು. ಆದರೆ ಹಳ್ಳಿಗಳಲ್ಲಿ ಅದು ಕುಲದ ಒಳಗಿನ ಪಂಗಡದ ಹೆಸರೂ ಹೌದು. ಕರಾವಳಿ ಮತ್ತು ಉತ್ತರ ಕನ್ನಡದ ಹಲವು ಸಮುದಾಯಗಳಲ್ಲಿ ಬಳಿ, ಬಯಲುಸೀಮೆಯ ಕುರುಬರೇ ಮೊದಲಾದವರಲ್ಲಿ ಬೆಡಗು. ಎಡ್ಗರ್ ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜನಾಂಗ ವಿವರಣೆಯಲ್ಲಿ ಕುರುಬರ ಪಂಗಡಗಳ ಉದ್ದನೆಯ ಪಟ್ಟಿಯಿದೆ: ಆನೆ, ಚೇಳು, ಅರಿಶಿನ, ಜೀರಿಗೆ, ಬೆಳ್ಳಿ, ಬಂಡಿ. ಮೈಸೂರು ಸಂಸ್ಥಾನಕ್ಕೆ ಇದೇ ಕೆಲಸವನ್ನು ಆರಂಭಿಸಿದವರು ಎಚ್. ವಿ. ನಂಜುಂಡಯ್ಯನವರು. 1915ರ ಪ್ರಥಮ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಅವರೇ. ಅವರ ನಿಧನಾನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಮುಂದುವರಿಸಿ 1928ರಿಂದ 1935ರೊಳಗೆ ನಾಲ್ಕು ಸಂಪುಟಗಳಾಗಿ ಹೊರತಂದರು.

ಈ ಗ್ರಂಥಗಳಲ್ಲಿ ಮತ್ತೆ ಮತ್ತೆ ಕಾಣುವ ನಿಯಮಗಳು ಸರಳ. ಒಂದೇ ಬಳಿಯವರು ಅಣ್ಣತಂಗಿಯರು; ಮದುವೆ ಕೂಡದು. ತನ್ನ ಬಳಿಯ ಪ್ರಾಣಿಯನ್ನು ಕೊಲ್ಲಬಾರದು, ತಿನ್ನಬಾರದು. ಬಳಿ ಮರದ್ದಾದರೆ ಕಡಿಯಬಾರದು. ಉತ್ತರ ಕನ್ನಡದಲ್ಲಿ ನಾಗಸಂಪಿಗೆಯ ಬಳಿಯ ಹೆಂಗಸರು ಆ ಹೂವನ್ನು ಮುಡಿಯುವುದಿಲ್ಲ ಎಂದು ದಾಖಲಾಗಿದೆ. ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ಅಲ್ಲಿ ಅದನ್ನು ‘ಬರಿ’ ಎನ್ನುತ್ತಾರೆ. ಸಿಮ್ಕೋ ಸರೋವರದ ದಡದಲ್ಲಿ ತಂದೆಯಿಂದ, ನೇತ್ರಾವತಿಯ ದಡದಲ್ಲಿ ತಾಯಿಯಿಂದ. ಎರಡೂ ಕಡೆ ಆಯ್ಕೆ ಮಾತ್ರ ನಮ್ಮದಲ್ಲ. ಇವೆರಡರ ನಡುವೆ ಹಳೆಯ ನಂಟನ್ನು ಹುಡುಕುವ ಅಗತ್ಯವೂ ಇಲ್ಲ. ಮನುಷ್ಯ ತನ್ನ ಸುತ್ತಲಿನ ಜೀವಗಳಿಂದ ಬಂಧುತ್ವದ ಲೆಕ್ಕ ಹಾಕುವುದನ್ನು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿಯೇ ಕಲಿತಿದ್ದಾನೆ.

ನಮ್ಮ ಅರಸರ ಲಾಂಛನಗಳು ಬೇರೆಯೇ ಸಂಗತಿ. ಅವುಗಳಿಗೆ ಮದುವೆಯ ನಿಯಮವಿಲ್ಲ. ಆದರೂ ತಲಕಾಡಿನ ಗಂಗರ ತಾಮ್ರಶಾಸನಗಳ ಮುದ್ರೆಯಲ್ಲಿ ಆನೆ, ಬಾದಾಮಿ ಚಾಲುಕ್ಯರ ಮುದ್ರೆಯಲ್ಲಿ ವರಾಹ ಇರುವುದನ್ನು ನೋಡಿದಾಗ ಮಾಂಟ್ರಿಯಲ್ ಒಪ್ಪಂದದ ಪ್ರಾಣಿಗಳು ನೆನಪಾಗದೆ ಇರವು. ಕೊಟ್ಟ ಭೂಮಿಗೆ, ಕೊಟ್ಟ ಮಾತಿಗೆ ಪ್ರಾಣಿಯೇ ಸಾಕ್ಷಿ. ವರಾಹಲಾಂಛನವನ್ನು ನಾರಾಯಣನ ಅನುಗ್ರಹದಿಂದ ಪಡೆದೆವೆಂದು ಚಾಲುಕ್ಯರು ಶಾಸನ ಶಾಸನದಲ್ಲೂ ಹೇಳಿಕೊಂಡರು. ದಕ್ಷಿಣಾಪಥವನ್ನು ಆಳಿದವರೂ ‘ಆರಿಸಿಕೊಂಡೆವು’ ಎನ್ನಲಿಲ್ಲ, ‘ಪಡೆದೆವು’ ಎಂದರು.

ಹಂದಿಯ ಮಾತು ಬಂದದ್ದರಿಂದ ಪಂಜುರ್ಲಿಯನ್ನು ಬಿಡುವಂತಿಲ್ಲ. 2022ರ ‘ಕಾಂತಾರ’ ಚಿತ್ರದಿಂದ ಇಲ್ಲಿ ಹುಟ್ಟಿದ ಮಕ್ಕಳಿಗೂ ಈ ಹೆಸರು ಗೊತ್ತು. ತುಳುವಿನಲ್ಲಿ ಪಂಜಿ ಎಂದರೆ ಹಂದಿ, ಪಿಲಿ ಎಂದರೆ ಹುಲಿ. ಪಿಲಿಚಾಮುಂಡಿ ಹುಲಿಯ ದೈವ. ಪಾಡ್ದನಗಳು ಹೇಳುವಂತೆ ಪಂಜುರ್ಲಿ ಕೈಲಾಸದ ತೋಟವನ್ನು ಹಾಳುಮಾಡಿದ ಹಂದಿ. ಶಿವನ ಕೋಪಕ್ಕೆ ಗುರಿಯಾಗಿ, ಪಾರ್ವತಿಯ ಕರುಣೆಯಿಂದ ಉಳಿದು, ಭೂಮಿಗಿಳಿದು ದೈವವಾಯಿತು. ಬೆಳೆ ತಿನ್ನುವ ಪ್ರಾಣಿಯೇ ಬೆಳೆ ಕಾಯುವ ದೈವ! ಇಲ್ಲಿ ಪ್ರಾಣಿ ಪೂರ್ವಜನಲ್ಲ. ಊರಿಗೂ ಕಾಡಿಗೂ ನಡುವಿನ ಒಂದು ಕರಾರು. ನೇಮ ನಡೆಸಬೇಕು, ಹರಕೆ ಸಲ್ಲಿಸಬೇಕು, ನ್ಯಾಯ ತಪ್ಪಿದರೆ ಊರಿನ ಯಜಮಾನನೂ ದೈವದ ಮುಂದೆ ನಿಂತು ಉತ್ತರ ಹೇಳಬೇಕು.

ಚಿತ್ರ ಬಂದ ಮೇಲೆ ಏನಾಯಿತೆಂದು ತಮಗೆ ಗೊತ್ತು. ವೇದಿಕೆಗಳಲ್ಲಿ, ಚಿತ್ರಮಂದಿರಗಳಲ್ಲಿ ದೈವದ ವೇಷ ಹಾಕಿ ಕೂಗುವವರು ಹೊರಟರು. ತುಳುನಾಡಿನವರು ನೊಂದುಕೊಂಡು, ‘ಇದು ಛದ್ಮವೇಷವಲ್ಲ, ನಮ್ಮ ನಂಬಿಕೆ’ ಎಂದು ಆಕ್ಷೇಪಿಸಿದರು. ಅವರ ನೋವು ನಮಗೆ ಅರ್ಥವಾಗುತ್ತದೆ ಎಂದಾದರೆ, ಅಂಗಡಿಯ ಕಪಾಟಿನಲ್ಲಿ ಡೂಡೆಮ್ ಕಂಡ ಜಾರ್ಜಿನಾ ದ್ವೀಪದವರ ನೋವೂ ಅರ್ಥವಾಗಬೇಕು. ಎರಡಕ್ಕೂ ಅಳತೆ ಒಂದೇ ಇರಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಬಳಿ, ಬೆಡಗುಗಳು ಜಾತಿಯ ಬೇಲಿಯ ಒಳಗೇ ಬೆಳೆದವು. ಒಳಗೆ ಅವು ಯಾರನ್ನು ಮದುವೆಯಾಗಬಾರದು ಎಂದವು. ಬೇಲಿ ಯಾರನ್ನು ಮುಟ್ಟಲೂಬಾರದು ಎಂದಿತು. ದೈವಕ್ಕೆ ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ರಾತ್ರಿ ಅವರ ಕಾಲಿಗೆ ಬಿದ್ದು ಅಭಯ ಬೇಡಿದ ಊರೇ ಬೆಳಗಾದರೆ ಅವರನ್ನು ಅಂಗಳದಾಚೆ ನಿಲ್ಲಿಸುತ್ತಿತ್ತು. ಪರದೇಶಕ್ಕೆ ಬಂದ ನಮ್ಮಲ್ಲಿ ಎಷ್ಟೋ ಮಂದಿ ಮಕ್ಕಳಿಗೆ ಬಳಿಯ ಮಾತು ಹೇಳದಿರಲು ಇದೂ ಒಂದು ಕಾರಣ. ಜಾತಿಯನ್ನು ದಾಟಿಸಬಾರದೆಂಬ ಆ ಮೌನದಲ್ಲಿ ಒಳ್ಳೆಯ ಉದ್ದೇಶವೇ ಇದೆ. ಆದರೆ ಆ ಮೌನದ ಜೊತೆಗೆ ಜೀರಿಗೆ, ಆನೆ, ನಾಗಸಂಪಿಗೆಗಳೂ ಕಳೆದುಹೋಗುತ್ತವೆ. ತೆರವಾದ ಆ ಜಾಗಕ್ಕೆ ಮಕ್ಕಳು ಅಂಗಡಿಯಿಂದ ತೋಳವನ್ನು ತಂದುಕೊಳ್ಳುತ್ತಾರೆ. ಬೇಲಿಯನ್ನು ಕಿತ್ತೊಗೆದು ಒಳಗಿನ ಗಿಡವನ್ನು ಉಳಿಸಿಕೊಳ್ಳುವುದು ಹೇಗೆಂಬುದೇ ನಮ್ಮ ಮುಂದಿರುವ ನಿಜವಾದ ಪ್ರಶ್ನೆ.

ಒಂದು ದಾರಿಯನ್ನು ಚಾಮರಾಜನಗರದ ಸೋಲಿಗರು ತೋರಿಸುತ್ತಾರೆ. ಬಿಳಿಗಿರಿಯ ರಂಗನಾಥ ಅವರ ಮನೆಯ ಹೆಣ್ಣನ್ನು ವರಿಸಿದವನಾದ್ದರಿಂದ ಅವನು ಅವರಿಗೆ ‘ರಂಗಭಾವ’. ಹುಲಿ ಮಾದಪ್ಪನ ವಾಹನ. ದೇವರೂ ಪ್ರಾಣಿಯೂ ಅವರಿಗೆ ನೆಂಟರ ಪೈಕಿ. 1974ರಲ್ಲಿ ಆ ಕಾಡು ವನ್ಯಧಾಮವಾದಾಗ ಬೇಸಾಯಕ್ಕೂ ಬೇಟೆಗೂ ತಡೆ ಬಿತ್ತು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಹುಲಿಯನ್ನು ಉಳಿಸಬೇಕಾದರೆ ಹುಲಿಯ ನೆಂಟರನ್ನು ಹೊರಗಟ್ಟಬೇಕು ಎಂಬ ಮಾತು ಹುಟ್ಟಿತು. ಸೋಲಿಗರು ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದು ಹೋರಾಡಿ ಅದೇ ವರ್ಷದ ಅಕ್ಟೋಬರಿನಲ್ಲಿ ತಮ್ಮ ಸಮುದಾಯದ ಹಕ್ಕುಪತ್ರಗಳನ್ನು ಪಡೆದರು.

ಈ ಊರಿನ ನೆಲದ ಕಥೆಯೂ ಅದನ್ನು ಹೋಲುತ್ತದೆ. 1923ರ ವಿಲಿಯಮ್ಸ್ ಒಪ್ಪಂದಗಳ ಮೂಲಕ ಜಾರ್ಜಿನಾ ದ್ವೀಪದವರೂ ಸೇರಿದಂತೆ ಏಳು ಮೂಲನಿವಾಸಿ ಜನಾಂಗಗಳು ಭೂಮಿಯನ್ನಷ್ಟೇ ಅಲ್ಲ, ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನೂ ಕಳೆದುಕೊಂಡವು. ಮೀನಿನ ಕುಲದವನು ತನ್ನದೇ ಸರೋವರದಲ್ಲಿ ಮೀನು ಹಿಡಿದರೆ ಅಪರಾಧಿ. 2018ರಲ್ಲಿ ಆ ಹಕ್ಕುಗಳನ್ನು ಮಾನ್ಯಮಾಡಿ, 1.11 ಬಿಲಿಯನ್ ಡಾಲರ್ ಪರಿಹಾರ ಒಪ್ಪಿ, ಕೇಂದ್ರ ಮತ್ತು ಒಂಟಾರಿಯೋ ಸರ್ಕಾರಗಳು ಕ್ಷಮೆ ಕೇಳಿದವು. ಕುಲಪ್ರಾಣಿಯೊಡನೆ ನಂಟು ಎಂದರೆ ಅದಿರುವ ನೀರಿನೊಡನೆ, ಕಾಡಿನೊಡನೆ ನಂಟು; ಆ ನೆಲ ಕೈಬಿಟ್ಟರೆ ಉಳಿಯುವುದು ಚಿತ್ರ ಮಾತ್ರ.

ಈಗ ಆ ವಿದ್ಯಾರ್ಥಿನಿಗೆ ಉತ್ತರ ಹೇಳಬಹುದು. ಮಗೂ, ನಮ್ಮ ಕಡೆಯಲ್ಲಿಯೂ ಅಂಥದ್ದು ಇದೆ. ಎಲ್ಲ ಮನೆತನಗಳಲ್ಲಿ ಇಲ್ಲ. ಗೋತ್ರ ಹೇಳುವ ಮನೆಗಳಲ್ಲಿ ಋಷಿಯ ಹೆಸರಿರುತ್ತದೆ, ಕೆಲವು ಕಡೆ ಏನೂ ಇರಲಿಕ್ಕಿಲ್ಲ. ಆದರೆ ಇರುವಲ್ಲಿ ಅದು ನಿನಗೆ ಶಕ್ತಿ ಕೊಡುವ ಪ್ರಾಣಿಯಲ್ಲ. ನೀನು ಕೊಲ್ಲಬಾರದ, ಕಡಿಯಬಾರದ, ಮುಡಿಯಬಾರದ ಒಂದು ಜೀವ. ಬಹಳ ಸಲ ಅದು ತೋಳದಷ್ಟು ಗಂಭೀರವೂ ಅಲ್ಲ, ಬರೀ ಜೀರಿಗೆ. ‘ನಾನು ಯಾರು’ ಎಂಬುದಕ್ಕಿಂತ ‘ನಾನು ಯಾರವಳು, ಯಾರಿಗೆ ಏನು ಸಲ್ಲಿಸಬೇಕು’ ಎಂಬುದನ್ನು ಅದು ಕೇಳುತ್ತದೆ.

ಈ ಮಾತುಗಳನ್ನು ಬರೆಯುವ ಮುಂಚೆ ನಾವು ಊರಿನ ಹಿರಿಯರೊಬ್ಬರಿಗೆ ಫೋನು ಮಾಡಿ, ನಮ್ಮ ಮನೆತನದ ಬಳಿ ಯಾವುದೆಂದು ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಅಜ್ಜಿಗೆ ಗೊತ್ತಿತ್ತು. ಮದುವೆ ಮಾತುಕತೆಯಲ್ಲಿ ಅವರೇ ಹೇಳ್ತಿದ್ದರು. ನಾವು ಯಾರೂ ಕೇಳಿಟ್ಟುಕೊಳ್ಳಲಿಲ್ಲ” ಎಂದರು. ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದವು. ಎಂಟು ಸಾವಿರ ಮೈಲಿ ದೂರದಲ್ಲಿ ಕುಳಿತು ಕನ್ನಡ ಉಳಿಸುವ ಭಾಷಣ ಮಾಡುವ ನಮ್ಮ ಕೈಗೆ ಒಂದೇ ಒಂದು ಪದ ಸಿಕ್ಕದೆ ಹೋಯಿತು.

ತಮ್ಮಲ್ಲಿ ಹಲವರ ಮನೆಯಲ್ಲಿ ಹಿರಿಯರು ಇನ್ನೂ ಇದ್ದಾರೆ. ಈ ವಾರದ ಫೋನಿನಲ್ಲಿ ಹವೆಯ ಮಾತು ಮುಗಿದ ಮೇಲೆ ಈ ಒಂದನ್ನು ಕೇಳಿ, ಮಕ್ಕಳ ಕೈಯಲ್ಲಿ ಬರೆಸಿಡಿ. ಅದನ್ನು ಮದುವೆಗೆ ಅಡ್ಡಗೋಡೆಯಾಗಿ ಅಲ್ಲ, ಒಂದು ಜೀವಕ್ಕೆ ಸಲ್ಲಬೇಕಾದ ಋಣವೆಂದು ಬರೆಸಿಡಿ. ಅದೇ ಪುಟದ ಮಗ್ಗುಲಲ್ಲಿ, ತಾವೀಗ ಕುಡಿಯುವ ನೀರು ಯಾರ ಕುಲದ ಮೀನುಗಳದ್ದೆಂದೂ ಬರೆಸಿಡಿ.